ದೊರೆ ಕಣ್ಣಿಗೆ ಬಿದ್ದ ಬೇಲಿ

ಬಡಗಣ ಹೆದ್ದಾರಿಯಲ್ಲಿ ಒಕುಮಾ ಅಜ್ಜಿಯ ಚಹಾ ಗುಡಿಸಲು ಬಲಕ್ಕೆ ವಾಲಿತ್ತು; ಅಜ್ಜಿ ಎಡಕ್ಕೆ. ಗಂಡ ಸತ್ತಂದಿನಿಂದ ದಾರಿಹೋಕರಿಗೆ ಚಹಾ, ಕಡ್ಡಿಗೆ ಚುಚ್ಚಿ ಸುಟ್ಟ ಅಕ್ಕಿಯುಂಡೆ ಮಾರಿಯೇ ಬದುಕಿದವಳು.

ಮೇಜಿ ದೊರೆಯ ಸವಾರಿ ಬರುತ್ತದೆಂದು ತಿಳಿದದ್ದೇ ತಡ, ನಮ್ಮೂರ ಯಜಮಾನ ಜಿಂಪಾಚಿ ಹೊಸ ಕಾಲದ ರೀತಿಯಂತೆ ಜುಟ್ಟು ಕತ್ತರಿಸಿ, ಯಾರದೋ ಕರಿ ಕೋಟು ತೊಟ್ಟು ಬೆವರುತ್ತ ಓಡಾಡಿದ. ದೊರೆ ಬರುವುದು ಪ್ರಜೆಗಳನ್ನು ನೋಡಲಿಕ್ಕಂತೆ. ಅಧಿಕಾರಿಗಳು ಮೊದಲು ಮಾಡಿದ್ದೇ ಪ್ರಜೆಗಳನ್ನು ಬಚ್ಚಿಡುವ ಕೆಲಸ! ಗೊಬ್ಬರದ ಗುಂಡಿಗೆ ಚಾಪೆ, ಅಜ್ಜಿಯ ಗುಡಿಸಲಿಗೆ ಆಳೆತ್ತರದ ಬಿದಿರು ಬೇಲಿ. ಇದಕ್ಕೆ ನಾಗರಿಕತೆ ಎಂದು ಹೆಸರು.

"ಸವಾರಿ ಹೋದ್ಮೇಲೆ ಕೀಳ್ತೀಯಲ್ಲ?" ಅಂದಳು ಅಜ್ಜಿ, ಜಿಂಪಾಚಿಗೆ.

"ಇಲ್ಲಜ್ಜಿ. ಇನ್ಮೇಲೆ ಇದು ದೊಡ್ಡೋರು ಓಡಾಡೋ ದಾರಿ. ಬೇಲಿ ಇರುತ್ತೆ."

"ನನ್ನ ಗಿರಾಕಿಗಳೇನು ಬೇಲಿ ಹಾರಿ ಬಂದು ಚಹಾ ಕುಡೀಬೇಕಾ?"

"ಕಾಲ ಬದಲಾಗಿದೆ, ಅಜ್ಜಿ."

"ಕಾಲ ಅಲ್ಲ ಕಣೋ, ನಿನ್ನ ಕೋಟು. ಅದರ ತೋಳೂ ನಿನಗೆ ಉದ್ದ."

ಸವಾರಿಯ ದಿನ ಊರೆಲ್ಲ ರಸ್ತೆ ಬದಿ ಮಂಡಿಯೂರಿ ತಲೆ ತಗ್ಗಿಸಿತು. ಸಾರೋಟು ದಾಟಿತು. ದಾಟಿದ್ದೇ ಜನ ಸವಾರಿಗೆಂದು ರಸ್ತೆಗೆ ಹಾಸಿದ್ದ, ಗಾಲಿ ಉರುಳಿದ ಮರಳಿಗೆ ಮುಗಿಬಿದ್ದರು. ಅದು ಮನೆಯಲ್ಲಿದ್ದರೆ ರೋಗ ಬಾರದು, ಹೆರಿಗೆ ಸಲೀಸು ಎಂಬ ನಂಬಿಕೆ. ಮರಳು ಬೇಗ ಮುಗಿಯಿತು. ಸಿಗದವರ ಮುಖ ಜೋತುಬಿತ್ತು.

ಆಗ ಬೇಲಿಯ ಹಿಂದಿನಿಂದ ಅಜ್ಜಿಯ ದನಿ: "ಅಯ್ಯೋ ಪೆದ್ದುಗಳಾ! ಆ ಮರಳು ಮುಟ್ಟಿದ್ದು ಬರೀ ಗಾಲಿ. ದೊರೆ ಕಣ್ಣು ಬಿದ್ದಿದ್ದು ಯಾವುದರ ಮೇಲೆ? ನೀವು ತಲೆ ಬಗ್ಗಿಸಿದ್ರಿ. ನೆಟ್ಟಗೆ ನಿಂತಿದ್ದು ಈ ಬೇಲಿ ಒಂದೇ!"

ಮರಳು ಸಿಗದವರು ಬೇಲಿಗೆ ಕೈಹಾಕಿದರು. ಆಮೇಲೆ ಬಿದಿರು ಚಟ್ಟೆಂದಿತು.

"ಸರ್ಕಾರಿ ಬೇಲಿ! ಮುಟ್ಟಬೇಡ್ರೋ!" ಜಿಂಪಾಚಿ ಕೈ ಬೀಸಿದ. ಕೋಟಿನ ತೋಳು ಇನ್ನೂ ಜೋರಾಗಿ ಬೀಸಿತು.

"ಹಂಗಾದ್ರೆ ದೊರೆ ನೋಟಕ್ಕೆ ಮಹಿಮೆ ಇಲ್ಲ ಅಂತೀಯಾ? ಗಟ್ಟಿಯಾಗಿ ಹೇಳಪ್ಪ, ಪೊಲೀಸ್ನೋರಿಗೂ ಕೇಳಲಿ" ಅಂದಳು ಅಜ್ಜಿ.

ಯಜಮಾನ ಬೀಸುತ್ತಿದ್ದ ಕೈ ಕೆಳಗಿಳಿಸಿದ. ಅಷ್ಟರಲ್ಲಿ ಅವನ ಹೆಂಡತಿಯೇ ಬಂದಳು. "ಒಸಿ ಜರುಗ್ರೀ, ಸೊಸೆಗೆ ದಿನ ತುಂಬಿದೆ" ಎನ್ನುತ್ತ ಗಟ್ಟಿ ಬಿದಿರೊಂದನ್ನು ಬುಡಸಮೇತ ಕಿತ್ತಳು.

ಸಂಜೆಗೆ ಗೂಟವೂ ಉಳಿಯಲಿಲ್ಲ. ಕಿತ್ತು ದಣಿದವರೆಲ್ಲ ಅಜ್ಜಿಯ ಬೆಂಚಿನ ಮೇಲೆಯೇ ಕೂತರು. ದೊರೆಗೆ ಕಾಣಬಾರದ ಗುಡಿಸಲು ಊರಿಗೆಲ್ಲ ಕಾಣುತ್ತಿತ್ತು. ಕೊನೆಗೆ ಜಿಂಪಾಚಿಯೂ ಬಂದ, ಕೋಟು ಕಂಕುಳಲ್ಲಿ.

"ಒಂದು ಚಹಾ, ಅಜ್ಜಿ."

"ಕೂತ್ಕೊಳಪ್ಪ. ಈ ಕಡೆ ಕೂರು, ದಾರಿ ಚೆನ್ನಾಗಿ ಕಾಣುತ್ತೆ."