ಸ್ಪ್ಯಾನರಿನ ಮೇಲೊಂದು ಹೆಸರು

ನಮ್ಮ ಕಡೆ ಮದುವೆಯಾಗಿ ಬರುವ ಹೆಣ್ಣಿನ ಜೊತೆಗೆ ಅವಳ ಹೆಸರೂ ಗಾಡಿ ಹತ್ತಿ ಬರುತ್ತದೆ. ಚೊಂಬಿನ ಕುತ್ತಿಗೆಯಲ್ಲಿ, ತಪ್ಪಲೆಯ ಪಕ್ಕೆಯಲ್ಲಿ, ಹರಿವಾಣದ ಅಂಚಿನಲ್ಲಿ, ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದು ಕೂಡಿಸಿದ ಹೆಸರು. ನನ್ನ ಜಯಮ್ಮ ನಂದಗುಡಿಯಿಂದ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ, ಬೆಳಿಗ್ಗೆ ನೀರಿಗೆಂದು ಚೊಂಬು ಎತ್ತಿದರೆ ಹೆಬ್ಬೆರಳಿನ ಕೆಳಗೆ ಆ ಹೆಸರು ತರಿತರಿಯಾಗಿ ತಗಲುತ್ತಿತ್ತು. ಸುಳ್ಳೇಕೆ ಹೇಳಲಿ ಗೆಳೆಯರೇ, ಆ ದಿನಗಳಲ್ಲಿ ಬಾಯಾರಿಕೆಯಿಲ್ಲದಿದ್ದರೂ ನಾನು ಚೊಂಬುಗಟ್ಟಲೆ ನೀರು ಕುಡಿದಿದ್ದೇನೆ.

ಅಡುಗೆಮನೆಯ ಸಾಮಾನಿಗಿದ್ದ ಈ ಭಾಗ್ಯ ನನಗೆ ಅನ್ನ ಕೊಡುವ ಕಸುಬಿನ ಸಾಮಾನಿಗೆ ಇರಲಿಲ್ಲ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಸೀಮೆಯ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಹೊಗೆಯನ್ನೇ ಉಂಡು, ಏರು ಬಂದಾಗಲೆಲ್ಲ ಗೂರಲು ಹತ್ತಿದ ಮುದುಕರಂತೆ ಕೆಮ್ಮಿ ನಿಲ್ಲುತ್ತಿದ್ದವು. ನಿಂತವನ್ನು ಮತ್ತೆ ನಡೆಸುವುದೇ ನನ್ನ ಮತ್ತು ನಂಜಪ್ಪನ ಕಸುಬು. ನಂಜಪ್ಪ ನನ್ನ ಬಾಲ್ಯದ ಗೆಳೆಯ. ತಂದೆ ತಾಯಿ ಇಲ್ಲದವನು, ಮದುವೆ ಎಂಬ ಮಾತೆತ್ತಿದರೆ ಸಾಕು, ಬಸ್ಸಿನ ಕೆಳಗೆ ನುಸುಳಿಬಿಡುತ್ತಿದ್ದವನು. ಬಸ್ ನಿಲ್ದಾಣದ ಹಿಂದೆ, ತಗಡಿನ ಸೂರಿನ ಒಂದು ಕೊಟ್ಟಿಗೆಯಲ್ಲಿ ನಮ್ಮಿಬ್ಬರ ವರ್ಕ್‌ಶಾಪು. ಕೊಟ್ಟಿಗೆ ಒಂದೇ, ಮೇಜು ಒಂದೇ; ಆದರೆ ಸ್ಪ್ಯಾನರು, ಅರ, ಸುತ್ತಿಗೆಗಳು ಮಾತ್ರ ಅವರವರವು. ಯುದ್ಧಕ್ಕೆ ಉಕ್ಕೆಲ್ಲ ಹೊರಟುಹೋಗಿದ್ದ ಆ ಕಾಲದಲ್ಲಿ ಒಂದು ಒಳ್ಳೆಯ ಸ್ಪ್ಯಾನರು ಕಳೆದರೆ ಇನ್ನೊಂದು ಸಿಗುವುದು ಮುಂದಿನ ಜನ್ಮಕ್ಕೆ ಎಂಬಂತಿತ್ತು. ಸಂಜೆಯ ಹೊತ್ತಿಗೆ ಎಲ್ಲವೂ ಒಂದೇ ಎಣ್ಣೆಯಲ್ಲಿ ಮಿಂದು ಅವಳಿ ಜವಳಿಗಳಾಗಿ ಮಲಗಿದಾಗ, ಯಾವುದು ಯಾರದು ಎಂಬ ಜಗಳ ಏಳುತ್ತಿತ್ತು.

ಜಗಳ ತೀರಿಸಲು ನಂಜಪ್ಪ ಬೆಂಗಳೂರಿನ ಗುಜರಿ ಅಂಗಡಿಯಿಂದ ಉಕ್ಕಿಗೆ ಅಕ್ಷರ ಬಡಿಯುವ ಅಚ್ಚೊಂದನ್ನು ತಂದ. ಸಿಕ್ಕಿದ್ದು ಒಂದೇ ಅಕ್ಷರ, ಇಂಗ್ಲಿಷಿನ ಎನ್. ಅವನು ನಂಜಪ್ಪ, ನಾನು ನರಸಿಂಹಯ್ಯ. ಇಬ್ಬರಿಗೂ ಅದೇ ಮೊದಲಕ್ಷರ. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆವು: ಅವನ ಸಾಮಾನಿನ ಮೇಲೆ ಎನ್ ನಿಂತಿರಲಿ, ನನ್ನದರ ಮೇಲೆ ಮಲಗಿರಲಿ. ದಿನವೆಲ್ಲ ಠಣ್ ಠಣ್ ಬಡಿದು, ಬೆವರೊರೆಸಿಕೊಂಡು ಸಾಮಾನುಗಳನ್ನು ಮೇಜಿನ ಮೇಲೆ ಹರಡಿದಾಗ ಗೊತ್ತಾಯಿತು, ಮಲಗಿದ ಎನ್ ಎಂದರೆ ಜೆಡ್, ಮಲಗಿದ ಜೆಡ್ ಎಂದರೆ ಎನ್. ಸ್ಪ್ಯಾನರಿಗಾದರೋ ತಲೆ ಯಾವುದು, ಕಾಲು ಯಾವುದು ಎಂಬ ಗೊಡವೆಯೇ ಇಲ್ಲ. ಆಗ ನಾವಿಬ್ಬರೂ ಜೊತೆಯಲ್ಲಿ ಕುಳಿತು ನಗಬೇಕಾಗಿತ್ತು. ಬದಲಿಗೆ ಕಾದಾಡಿದೆವು. ನಂಜಪ್ಪ ಅರ್ಧ ಸಾಮಾನನ್ನು ಗೋಣಿಚೀಲಕ್ಕೆ ತುಂಬಿಕೊಂಡು, "ದೇವನಹಳ್ಳೀಲಿ ಬೇರೆ ಅಂಗಡಿ ಇಡ್ತೀನಿ ಕಣೋ, ಅಲ್ಲಿ ಯಾವ ಎನ್ನೂ ಇರಲ್ಲ," ಎಂದು ಹೊರಟೇಬಿಟ್ಟ.

ಅವನನ್ನು ತಡೆದದ್ದು ಊಟದ ಬುತ್ತಿ ತಂದ ಜಯಮ್ಮ. ವಿಷಯ ಕೇಳಿ ಅವಳು ಸೆರಗಿನೊಳಗೆ ನಕ್ಕು ನಕ್ಕು ಸುಸ್ತಾದಳು. "ನಂಜಣ್ಣ, ಚೀಲ ಇಳ್ಸಿ. ನಮ್ಮೂರಲ್ಲಿ ಪಕ್ಕದ ಮನೆ ಅಕ್ಕಸಾಲಿಗ್ರು ಮೇಣ ಹಚ್ಚಿ, ಸೂಜೀಲಿ ಬರೆದು, ಮೇಲೆ ದ್ರಾವಕ ಬಿಡ್ತಿದ್ರು. ಬರೆದಷ್ಟನ್ನೇ ಅದು ತಿನ್ನುತ್ತೆ. ಹೆಸರು ಪೂರ್ತಿ ಬರೀಬೋದು," ಎಂದಳು.

ಮರುದಿನ ನಮ್ಮ ಹಿತ್ತಿಲಿನಲ್ಲಿ ಹಬ್ಬ. ಕೆಂಡದ ಮೇಲೆ ಸ್ಪ್ಯಾನರು ಬೆಚ್ಚಗಾಗುವುದು, ಜೇನುಮೇಣ ಕರಗಿ ಅದರ ಮೈಗೆ ಹಳದಿ ಅಂಗಿಯಾಗುವುದು, ಆರಿದ ಮೇಣದ ಮೇಲೆ ಜಯಮ್ಮನ ರಂಗೋಲಿಯ ಕೈ ಸೂಜಿ ಹಿಡಿದು ಓಡುವುದು. ಆಮೇಲೆ ಕೋಳಿ ಪುಕ್ಕದಿಂದ ದ್ರಾವಕ ಬಿಟ್ಟರೆ ಅಕ್ಷರಗಳು ಬುಸುಬುಸು ನೊರೆಯುಕ್ಕಿಸಿ ಕೆಂಪು ಹೊಗೆಯಾಡುವುದು. ನಾವು ಗಾಳಿಗೆ ಬೆನ್ನು ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮದ್ದಾನೆ ನೋಡುವವರಂತೆ ದೂರ ನಿಂತಿದ್ದೆವು. ನೀರು ಸುರಿದು, ಮೇಣ ಕರಗಿಸಿ ಒರೆಸಿದಾಗ ನನ್ನ ಸ್ಪ್ಯಾನರಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಕಂಡದ್ದು ನನ್ನ ಹೆಸರಲ್ಲ. 'ಜಯ'.

"ಇದೇನೇ ಇದು?" ಎಂದೆ.

"ನಿಮ್ಮ ಹೆಸರು ನಾನು ಬಾಯಲ್ಲೇ ಹೇಳೋಹಂಗಿಲ್ಲ. ಅಂಥದ್ರಲ್ಲಿ ಅದನ್ನ ಬರೆದು, ಮೇಲೆ ದ್ರಾವಕ ಬೇರೆ ಹುಯ್ಯಲಾ? ನನ್ನ ಕೈಲಾಗಲ್ಲ ಅಂದ್ರೆ ಆಗಲ್ಲ. ನನ್ನ ಹೆಸರಾದ್ರೆ ಏನಾದ್ರೂ ಆಗ್ಲಿ ಬಿಡಿ."

ಹೊಗೆಯಿಂದಲೋ ಮತ್ತೊಂದರಿಂದಲೋ ಕಣ್ಣು ಉರಿಯುತ್ತಿತ್ತು. ಅಂದಿನಿಂದ ನನ್ನ ಸಾಮಾನುಗಳೆಲ್ಲ ಜಯಮಯವಾದವು. ಯುದ್ಧ ಗೆಲ್ಲಲೆಂದು ಬರೆಸಿದ್ದೇನೆಂದು ಅಮಲ್ದಾರರ ಕಚೇರಿಯ ಗುಮಾಸ್ತರು ಮೆಚ್ಚಿದರು. ದೇಶ ಗೆಲ್ಲಲೆಂದು ಬರೆಸಿದ್ದೇನೆಂದು ಖಾದಿಯವರು ಬೆನ್ನು ತಟ್ಟಿದರು. ನಾನು ಇಬ್ಬರಿಗೂ ತಲೆಯಾಡಿಸಿದೆ. ನಿಜ ಗೊತ್ತಿದ್ದ ಡ್ರೈವರ್ ಖಲೀಲ್ ಸಾಬರು ಮಾತ್ರ, ಹಿಂದೆ ಕೇಳದೆ ಜೇಬಿಗಿಳಿಸುತ್ತಿದ್ದ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ತಗೊಳ್ಳಿ ಭಾಯಿ, ಇನ್ನೊಬ್ರ ಮನೆಯವ್ರ ಹೆಸರು ನಮ್ಮ ಜೇಬಲ್ಲಿ ಇರಬಾರ್ದು," ಎಂದು ಒಪ್ಪಿಸುತ್ತಿದ್ದರು. ಕಬ್ಬಿಣಕ್ಕೆ ಒಂದು ಹೆಸರು ಬಿದ್ದೊಡನೆ ಅದಕ್ಕೊಂದು ಮನೆ, ಮರ್ಯಾದೆ, ಸಂಬಂಧಿಕರು ಎಲ್ಲ ಹುಟ್ಟಿಬಿಡುತ್ತಾರಲ್ಲ ಎಂದು ನನಗೆ ಬೆರಗು.

ನಂಜಪ್ಪ ತನ್ನವಕ್ಕೆ ಹೆಸರು ಬರೆಸಲೇ ಇಲ್ಲ. "ನನ್ನ ಹೆಸರು ನಾನೇ ನೋಡ್ಕೊಂಡು ಏನ್ ಮಾಡ್ಲಿ," ಎಂದು ಗೊಣಗಿದ. ಹೀಗಿರುವಾಗ ದೊಡ್ಡಬೆಳವಂಗಲದಿಂದ ಜಯಮ್ಮನ ಸೋದರಮಾವನ ಮಗಳು ಗಂಗಮ್ಮ ನಮ್ಮ ಮನೆಗೆ ಬಂದಳು. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, "ಇದ್ದಿಲು ತಿನ್ನೋ ಬಸ್ಸಿಗೆ ಹಲ್ಲು ಯಾರು ಉಜ್ಜುಸ್ತಾರೆ?" ಎಂದು ಕೇಳಿದಳು. ನಂಜಪ್ಪ ಸುತ್ತಿಗೆಯಿಂದ ತನ್ನ ಹೆಬ್ಬೆರಳನ್ನೇ ಜಜ್ಜಿಕೊಂಡ. ನೋವಾಯಿತೆಂದು ಅವನಿಗೆ ನೆನಪಾದದ್ದು ಅವಳು ಹೋದ ಮೇಲೆ. ಅಂದಿನಿಂದ ಅವನು ತನ್ನ ದೊಡ್ಡ ಸ್ಪ್ಯಾನರನ್ನು ಮೇಜಿನ ಮೇಲೆ ಬಿಡದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳತೊಡಗಿದ. ಏನೋ ಹೊಸ ಜೋಪಾನ ಎಂದುಕೊಂಡೆ.

ಜಯಮ್ಮ ಎಲ್ಲವನ್ನೂ ಗ್ರಹಿಸಿದ್ದಳು. ಸುಗ್ಗಿಯ ಮೇಲೆ ನಾವು ಮೂವರೂ ಹೆಣ್ಣು ನೋಡಲು ದೊಡ್ಡಬೆಳವಂಗಲಕ್ಕೆ ಹೊರಟೆವು. ಗಂಗಮ್ಮನ ತಂದೆ ಮುನಿಶಾಮೇಗೌಡರು ಚಾಪೆ ಹಾಸಿ ಕೂರಿಸಿದರು. ಗಂಗಮ್ಮ ತಲೆ ತಗ್ಗಿಸಿ ಎಲೆಯಡಿಕೆಯ ತಟ್ಟೆ ತಂದಳು. ಅದನ್ನು ತೆಗೆದುಕೊಳ್ಳಲು ನಂಜಪ್ಪ ಬಗ್ಗಿದ್ದೇ ತಡ, ಎರವಲು ತಂದ ಅವನ ಕೋಟಿನ ಜೇಬಿನಿಂದ ಸ್ಪ್ಯಾನರು ಜಾರಿ ಕಲ್ಲು ಹಾಸಿನ ಮೇಲೆ ಠಣಾರನೆ ಬಿತ್ತು. ದಾರಿಯಲ್ಲಿ ಬಸ್ಸು ಕೆಟ್ಟರೆ ಇರಲಿ ಎಂದು ತಂದಿದ್ದನಂತೆ.

ಗೌಡರು ಅದನ್ನೆತ್ತಿ ತೋಳುದ್ದ ದೂರ ಹಿಡಿದು ಓದಿದರು. ಮುಖ ಬಿಗಿಯಿತು. ಮಾತುಕತೆಗೆ ಮೊದಲೇ ಅವರ ಮಗಳ ಹೆಸರು ಅಳಿಯದ ಅಕ್ಷರದಲ್ಲಿ ಅಲ್ಲಿತ್ತು. "ಏನಪ್ಪಾ ಇದು? ನಮ್ಮ ಹುಡುಗಿ ಹೆಸರನ್ನ ಬಸ್ ಸ್ಟ್ಯಾಂಡಲ್ಲೆಲ್ಲ ಮೆರಸ್ಕೊಂಡು ಬಂದಿದೀಯಾ?"

"ಯಾರ್ಗೂ ತೋರ್ಸಿಲ್ಲ ಗೌಡ್ರೆ. ಇವನಿಗೂ ಗೊತ್ತಿಲ್ಲ," ಎಂದ ನಂಜಪ್ಪ ನನ್ನ ಕಡೆ ಕೈ ಮಾಡಿ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನಾವು ಒಲ್ಲೆ ಅಂದ್ರೆ? ಅಳ್ಸಕ್ಕಾಗ್ತದಾ?"

"ಆಗಲ್ಲ. ಅರ ಹಾಕಿ ಉಜ್ಜಿದ್ರೆ ಅಲ್ಲೇ ತೆಳ್ಳಗಾಗಿ ಮುರೀತದೆ." ಅವನು ಕೋಟಿನ ತುದಿಯನ್ನು ಎಳೆದುಕೊಂಡ. "ನೀವು ಒಲ್ಲೆ ಅಂದ್ರೆ ಕೆರೇಗೆ ಎಸೆದ್ಬಿಡ್ತೀನಿ ಗೌಡ್ರೆ. ಇನ್ನೊಬ್ರ ಕೈಗೆ ಹೋಗಕ್ಕೆ ಬಿಡಲ್ಲ."

ಆ ಕಾಲದಲ್ಲಿ, ಆ ಅಳತೆಯ ಸ್ಪ್ಯಾನರನ್ನು ಕೆರೆಗೆ ಎಸೆಯುತ್ತೇನೆಂದು ಒಬ್ಬ ಮೆಕ್ಯಾನಿಕ್ ಹೇಳಬೇಕಾದರೆ ಅದು ಎಂಥ ಪ್ರೀತಿಯೆಂದು ಗೌಡರಿಗೆ ಹೇಗೆ ತಿಳಿಸುವುದು? ಜಯಮ್ಮ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ಗಂಗಮ್ಮ ತಟ್ಟೆಯನ್ನು ಕೆಳಗಿಟ್ಟು, ತಂದೆಯ ಕೈಯಿಂದ ಸ್ಪ್ಯಾನರು ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಅಪ್ಪಾ, ಇದು ನನ್ನ ಹೆಸರೇ ಅಲ್ಲ," ಎಂದಳು. "ಗಗಮ್ಮ ಅಂತಿದೆ."

ನಾವೆಲ್ಲ ಬಾಗಿ ನೋಡಿದೆವು. ನಾಚಿಕೆಗೆ ಜಯಮ್ಮನನ್ನು ಕೇಳದೆ, ಕದ್ದು ತಾನೇ ಕೂತು ಬರೆದಿದ್ದ ನಂಜಪ್ಪ, 'ಗ'ದ ಪಕ್ಕದ ಸೊನ್ನೆಯನ್ನೇ ಬಿಟ್ಟಿದ್ದ. ಗೌಡರ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಅಡುಗೆಮನೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ನಂಜಪ್ಪ ಕಿವಿಯವರೆಗೂ ಕೆಂಪಾಗಿ, "ಸೊನ್ನೆ ಹಾಕ್ಕೊಂಡ್ ಬರ್ತೀನಿ," ಎಂದು ತೊದಲಿದ.

"ನೀವು ಹಾಕೋದು ಬೇಡ. ಇನ್ನೇನೋ ಆದೀತು." ಗಂಗಮ್ಮ ಸ್ಪ್ಯಾನರನ್ನು ಅವನ ಮುಂದಿಟ್ಟಳು. "ಮೇಣ, ಸೂಜಿ ಎಲ್ಲಾ ತೆಗೆದಿಟ್ಟಿರಿ. ಸೊನ್ನೆ ನಾನೇ ಬಂದು ಹಾಕ್ತೀನಿ."

ಹಾಗೆಂದವಳು ಒಳಗೆ ಓಡಿಹೋದಳು. ಗೌಡರು ಕಣ್ಣೊರೆಸಿಕೊಳ್ಳುತ್ತಾ, ಮಾತು ಮುಗಿಯಿತಲ್ಲ ಎಂಬಂತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಮದುವೆಯಾಗಿ ಬಂದ ಗಂಗಮ್ಮ ಮಾತು ಉಳಿಸಿಕೊಂಡಳು. ಅವಳು ಹಾಕಿದ ಸೊನ್ನೆ ಮಿಕ್ಕ ಅಕ್ಷರಗಳಿಗಿಂತ ದೊಡ್ಡದಾಗಿ, ಹಬ್ಬದ ಕುಂಕುಮದ ಬೊಟ್ಟಿನಂತೆ ದುಂಡಗೆ ಬಂತು. ನಂಜಪ್ಪ ಅದನ್ನು ಊರಿಗೆಲ್ಲ ತೋರಿಸಿದ. "ಸೊನ್ನೆಗೆ ಬೆಲೆ ಇಲ್ಲ ಅಂತ ಮೇಷ್ಟ್ರು ಹೇಳ್ಕೊಟ್ಟಿದ್ದು ಸುಳ್ಳು ಕಣೋ," ಎಂದು ನನ್ನೊಡನೆ ವಾದಿಸಿದ. ನಾನು ನನ್ನ 'ಜಯ'ದ ಸ್ಪ್ಯಾನರನ್ನು ಒರೆಸಿ ಅದರ ಪಕ್ಕದಲ್ಲಿಟ್ಟೆ.