ದೊಡ್ಡಮ್ಮನ ಜಗಲಿಗೆ ಬಂದ ಮಾಡೆಲ್ ಟಿ

ಆಗೆಲ್ಲ ಕೇರಳದ ಗಡಿಯೊಳಗಿನ ನಮ್ಮ ಎಣ್ಮಕಜೆಯಲ್ಲಿ ಏಪ್ರಿಲ್ ಅಂದ್ರೆ ಮನೆಮನೆಯಲ್ಲೂ ಹಲಸಿನ ಪರಿಮಳ. ಪರೀಕ್ಷೆ ಮುಗಿದ ಮರುದಿನವೇ ನಾನೂ ಅಮ್ಮನೂ ದೊಡ್ಡಮ್ಮನ ಮನೆಗೆ, ಹಪ್ಪಳ ಮಾಡ್ಲಿಕ್ಕೆ. ಕೈಯೆಲ್ಲ ಮೇಣ, ಹೊಟ್ಟೆ ತುಂಬ ಕದ್ದು ತಿಂದ ಹಿಟ್ಟು. ನಿಮ್ಮಲ್ಲೂ ಹೀಗೇ ಇದ್ದಿರಬೇಕು.

ನಾನು ಆರನೇ ಕ್ಲಾಸು ಮುಗಿಸಿದ ವರ್ಷ ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡಿದ್ರು. ದೊಡ್ಡ ಪ್ಲಾಸ್ಟರು. ನೆಲದಲ್ಲಿ ಕೂರ್ಲಿಕ್ಕಿಲ್ಲ, ಓಡಾಡ್ಲಿಕ್ಕಿಲ್ಲ.

"ಈ ವರ್ಷ ಹಪ್ಪಳ ಬೇಡ," ಅಂದ್ರು ಗೋಡೆ ನೋಡ್ಕೊಂಡು.

"ನಾವು ಮಾಡ್ತೇವೆ ಅಕ್ಕಾ," ಅಂದಳು ಅಮ್ಮ.

"ಮಾಡಿ ಮಾರಾಯ್ತಿ. ನಾನಿಲ್ಲದಿದ್ರೂ ಆಗ್ತದಲ್ಲ."

ಊರಿಗೆಲ್ಲ ಹಪ್ಪಳ ಕಲಿಸಿದವರು ಕುರ್ಚಿಯಲ್ಲಿ ಕೂತು ನೋಡುವುದಾ?

ನನಗೆ ಆಗಲೇ ಕಾರಿನ ಹುಚ್ಚು. ಶಾಲೆ ಲೈಬ್ರರಿಯಿಂದ ತಂದ, ರಟ್ಟು ಹೋದ ಮಲಯಾಳ ಪುಸ್ತಕವೊಂದು ಚೀಲದಲ್ಲಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದುವುದು, ಅರ್ಥ ಆಗದಿದ್ರೆ ಚಿತ್ರ ನೋಡುವುದು. ಅದರಲ್ಲಿ ಮಾಡೆಲ್ ಟಿ ಕಥೆ. ಶ್ರೀಮಂತರ ಹತ್ರ ಮಾತ್ರ ಇದ್ದ ಕಾರನ್ನು ಅಮೇರಿಕದ ರೈತರ ಮನೆಗೂ ಮುಟ್ಟಿಸಿದ ಗಾಡಿ ಅದು. ಮೊದಲು ಕೆಲಸದವರೇ ಕಾರಿನ ಸುತ್ತ ಸಾಮಾನು ಹಿಡ್ಕೊಂಡು ಓಡಾಡ್ಬೇಕಿತ್ತು. ಒಂದು ಗಾಡಿ ಜೋಡಿಸ್ಲಿಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು. ಆಮೇಲೆ ಕಂಪೆನಿಯವರಿಗೆ ಹೊಳೆಯಿತು: ಜನ ನಿಂತಲ್ಲೇ ಇರ್ಲಿ, ಕಾರೇ ಅವರ ಹತ್ರ ಬರ್ಲಿ. ಮೊದಮೊದಲು ಹಗ್ಗ ಕಟ್ಟಿ ಎಳೆದದ್ದಂತೆ! ಕೊನೆಗೆ ಬರೀ ಒಂದೂವರೆ ಗಂಟೆಗೆ ಒಂದು ಕಾರು.

ಹಗ್ಗ ಕಟ್ಟಿ ಎಳೆಯುವುದು ನಮಗೆ ಹೊಸತಾ? ಅಡಿಕೆ ಮರದಿಂದ ಬಿದ್ದ ಅಗಲ ಹಾಳೆಯಲ್ಲಿ ಒಬ್ಬರನ್ನೊಬ್ಬರು ಕೂರಿಸಿ ಅಂಗಳ ಇಡೀ ಎಳೆದವರಲ್ವಾ ನಾವು!

"ದೊಡ್ಡಮ್ಮ, ನೀವು ಏಳ್ಬೇಡಿ. ಕೆಲಸವೇ ನಿಮ್ಮ ಹತ್ರ ಬರ್ತದೆ."

"ಅದಕ್ಕೆಂತ ಕಾಲುಂಟಾ ಕೂಸೇ?"

"ಹಾಳೆ ಉಂಟು!"

ಅಡಿಗೆಕೋಣೆಯಲ್ಲಿ ಅಮ್ಮ ಬೇಯಿಸಿದ ಹಲಸಿನ ಸೊಳೆ ಗುದ್ದಿ ಉಂಡೆ ಮಾಡುವುದು. ಉಂಡೆ ತುಂಬಿದ ಹಾಳೆಗೆ ಹಗ್ಗ ಕಟ್ಟಿ ನಾನು ಜಗಲಿಗೆ ಎಳೆಯುವುದು. ಅಲ್ಲಿ ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಮಣೆ ಇಟ್ಟು ಒತ್ತುವುದು. ಒತ್ತಿದ್ದನ್ನು ಅವರ ಮಗ ಗಣೇಶಣ್ಣ ಅಂಗಳದ ಚಾಪೆಯಲ್ಲಿ ಹರಡುವುದು.

ಮೊದಲ ಸಲವೇ ನಾನು ಓಡಿದೆ. ಉಂಡೆಗಳು ಜಗಲಿಯಿಂದ ಉರುಳಿ ಸೀದಾ ಕೋಳಿಗಳ ಬಾಯಿಗೆ.

"ನಿನ್ನ ಕಾರು ಪಲ್ಟಿ!" ಅಂದ ಗಣೇಶಣ್ಣ. ಕಾಲು ಮುರ್ಕೊಂಡ ಮೇಲೆ ಮೊದಲ ಸಲ ದೊಡ್ಡಮ್ಮ ನಕ್ಕದ್ದು ಆಗ.

ಹನ್ನೊಂದು ಗಂಟೆಗೆಲ್ಲ ಎರಡು ಚಾಪೆ ಭರ್ತಿ. ಅಷ್ಟು ಬೇಗ ಯಾವತ್ತೂ ಆದದ್ದಿಲ್ಲ. ನಾನು ಉಬ್ಬಿ ಹೋಗಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮಣೆ ದೂಡಿದ್ರು.

"ನನ್ನಿಂದಾಗುದಿಲ್ಲ. ಬೆಳಗ್ಗಿಂದ ಒತ್ತುವುದು, ಒತ್ತುವುದು. ಉಪ್ಪು ಸರಿ ಉಂಟಾ ಗೊತ್ತಿಲ್ಲ, ಹಿಟ್ಟು ಹದ ಬಂತಾ ಗೊತ್ತಿಲ್ಲ. ನಾನೆಂತ ಮಿಷನಾ?"

ನನಗೆ ಅಳುವೇ ಬಂತು. ಓಡಿಹೋಗಿ ಪುಸ್ತಕ ತೆಗೆದೆ. ಮುಂದಿನ ಪುಟದಲ್ಲೇ ಇತ್ತು!

"ಅಲ್ಲಿಯೂ ಹೀಗೇ ಆಗಿದೆ ದೊಡ್ಡಮ್ಮ! ಒಂದೇ ಕೆಲಸ ಮಾಡಿ ಬೇಜಾರಾಗಿ ಜನ ಬಿಟ್ಟು ಓಡ್ತಿದ್ರಂತೆ. ಕೊನೆಗೆ ಸಂಬಳ ಡಬಲ್ ಮಾಡಿದ್ರಂತೆ."

"ಓಡ್ಲಿಕ್ಕೆ ನನಗೆ ಕಾಲೆಲ್ಲುಂಟು? ಸಂಬಳವೂ ಬೇಡ. ಆ ಹಗ್ಗ ಇಲ್ಲಿ ಕೊಡು."

ಎಲ್ಲರ ಜಾಗ ಬದಲಾಯ್ತು. ಗಣೇಶಣ್ಣ ಒಳಗೆ ಗುದ್ಲಿಕ್ಕೆ, ಅಮ್ಮ ಚಾಪೆಗೆ, ನಾನು ಮಣೆಗೆ. ದೊಡ್ಡಮ್ಮ ಕೂತಲ್ಲಿಂದಲೇ ಹಗ್ಗ ಎಳೆದು, ಬಂದ ಹಾಳೆಯಿಂದ ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿ, "ಗಣೇಶಾ, ಉಪ್ಪು ಕಮ್ಮಿ!" ಅಂತ ಬೊಬ್ಬೆ. ನನ್ನ ಹಪ್ಪಳ ನೋಡಿ, "ಇದೆಂತ, ಕೇರಳದ ನಕ್ಷೆಯಾ?" ನಾಲ್ಕು ದಿನ ಇದೇ. ಆ ವರ್ಷವೂ ಡಬ್ಬಿಗಳು ತುಂಬಿದವು, ದೊಡ್ಡಮ್ಮನದ್ದೇ ರುಚಿಯಲ್ಲಿ.

ಹನ್ನೊಂದು ವರ್ಷದ ಹುಡುಗಿಯ ಮಾತು ಕೇಳಿ ಮನೆಯನ್ನೇ ಕಾರ್ಖಾನೆ ಮಾಡ್ಲಿಕ್ಕೆ ಬಿಟ್ರಲ್ಲ, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಕಾಗುದಿಲ್ಲ. ಇವತ್ತು ಹಳೇ ಕಾರುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಾನೇ ಓದಿ, ಬಿಚ್ಚಿ ನೋಡಿ ಕಲಿತದ್ದು. ಆದ್ರೆ ಕಲೀಬಹುದು ಅಂತ ಧೈರ್ಯ ಬಂದದ್ದು ಆ ಜಗಲಿಯಲ್ಲಿ.

ದೊಡ್ಡಮ್ಮ ಈಗ ಇಲ್ಲ. ಮಾಡೆಲ್ ಟಿ ಗೆದ್ದಿದೆ, ಎಲ್ಲವೂ ನಾವು ಕೂತಲ್ಲಿಗೇ ಬರ್ತದೆ. ಹಲಸಿನ ಹಪ್ಪಳವೂ ಪ್ಯಾಕೆಟ್ಟಲ್ಲಿ ಬಾಗಿಲಿಗೇ ಬರ್ತದೆ, ಎಲ್ಲ ಒಂದೇ ಅಳತೆ, ಚಂದ್ರನ ಹಾಗೆ ಒಂದೇ ಉರುಟು. ರುಚಿಯೂ ಪರವಾಗಿಲ್ಲ.

ಒಮ್ಮೊಮ್ಮೆ ಉಪ್ಪು ಕಮ್ಮಿ ಇರ್ತದೆ. ಬೊಬ್ಬೆ ಹಾಕುವ ಅಂದ್ರೆ, ಹಗ್ಗದ ಆ ತುದಿಯಲ್ಲಿ ಯಾರೂ ಇಲ್ಲ.