ಮಾವನ ಜೊತೆ ಬಂದ ಪಿನ್‌ಬಾಲ್ ಯಂತ್ರ

ಹನ್ನೊಂದು ಕಟ್ಟಡಗಳ ಲಿಫ್ಟುಗಳನ್ನು ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಂಡು ಬಂದಿದ್ದ ಆ ಮೆಕ್ಯಾನಿಕನನ್ನು ಜನ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಕೆಟ್ಟ ಲಿಫ್ಟನ್ನು ರಿಪೇರಿ ಮಾಡುವವನು ಮೆಟ್ಟಿಲು ಹತ್ತಿಕೊಂಡೇ ಹೋಗಬೇಕಲ್ಲ. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸಿದವನ ಮೊಣಕಾಲು ಹೀಗಾಗಿ ಐವತ್ತಾರಕ್ಕೇ ಸವೆದುಹೋಗಿತ್ತು. ಸಂಜೆ ಮನೆಗೆ ಬಂದರೆ ಬೂಟಿನ ಲೇಸು ಬಿಚ್ಚಲಿಕ್ಕೆ ಬಗ್ಗುವುದೂ ಒಂದು ಕೆಲಸ ಎನ್ನಿಸುತ್ತಿತ್ತು.

ಅಂಥವನ ಮನೆಗೆ ಹೋದ ವರ್ಷ ಹೆಂಡತಿಯ ಅಪ್ಪ ಬಂದು ಸೇರಿದರು. ಮಾವ ಒಂದು ಕಾಲಕ್ಕೆ ಬಸ್ ನಿಲ್ದಾಣದ ಹಿಂದೆ ಆಟದ ಅಂಗಡಿ ಇಟ್ಟಿದ್ದವರು. ಕಾಸು ಹಾಕಿ, ಗಾಜಿನಡಿಯ ಉಕ್ಕಿನ ಗುಂಡನ್ನು ಎರಡು ಪುಟ್ಟ ರೆಕ್ಕೆಗಳಿಂದ ಹೊಡೆದು ಆಡುವ ಒಂಬತ್ತು ಪಿನ್‌ಬಾಲ್ ಯಂತ್ರಗಳು ಅಲ್ಲಿದ್ದವು. ಕಾಲ ಬದಲಾಗಿ ಅಂಗಡಿ ಮುಚ್ಚಿದಾಗ ಎಂಟು ಯಂತ್ರಗಳು ಗುಜರಿಗೆ ಹೋದವು. ಒಂದನ್ನು ಮಾತ್ರ ಮುದುಕರು ಕೊಡಲಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ ಸೋತು, ಒಂಟಿಯಾಗಿರುವುದು ಕಷ್ಟವಾದ ಮೇಲೆ ಮಗಳ ಮನೆಗೆ ಬಂದರಲ್ಲ, ಯಂತ್ರವೂ ಅವರ ಹಿಂದೆಯೇ ಬಂತು. ಬಾಗಿಲನ್ನು ಚೌಕಟ್ಟಿನಿಂದ ಬಿಚ್ಚಿ, ನಾಲ್ಕು ಜನ ಹೊತ್ತು ಒಳಗೆ ತಂದು ಇಟ್ಟರು. ಅಂದಿನಿಂದ ಊಟದ ಮೇಜು ಗೋಡೆಗೆ ಅಂಟಿಕೊಂಡಿತು. ಇಬ್ಬರು ಕೂರುವ ಜಾಗದಲ್ಲಿ ಮೂವರು ಕೂರಬೇಕಾಯಿತು.

"ಮನೆಯೊಳಗೆ ಎಮ್ಮೆ ಕಟ್ಟಿದ ಹಾಗಾಯ್ತು. ಎಮ್ಮೆಯಾದ್ರೆ ಹಾಲಾದ್ರೂ ಕೊಡುತ್ತೆ," ಎಂದಳು ಹೆಂಡತಿ. ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಚೆಕ್ಕರ್. ದಿನಕ್ಕೆ ಆರುನೂರು ಅಂಗಿಗಳ ಹೊಲಿಗೆ ನೋಡಿ ಬಂದ ಕಣ್ಣು ಮನೆಯಲ್ಲಿ ಯಾವುದನ್ನೂ ನೋಡಲು ಒಪ್ಪುತ್ತಿರಲಿಲ್ಲ. ಯಂತ್ರದ ಕಡೆಗಂತೂ ತಿರುಗಿಯೂ ನೋಡುತ್ತಿರಲಿಲ್ಲ.

ಮಾವನಿಗೆ ಮಾತು ಹೋಗಿತ್ತು. ಸ್ಪಷ್ಟವಾಗಿ ಉಳಿದದ್ದು ಒಂದೇ ಪದ, "ಅದಲ್ಲ." ಹಸಿವಾದರೂ ಅದಲ್ಲ, ಹೊಟ್ಟೆ ತುಂಬಿದರೂ ಅದಲ್ಲ. ಬೆಳಿಗ್ಗೆ ಎದ್ದವರೇ ಗೋಡೆ ಹಿಡಿದುಕೊಂಡು ಬಂದು, ಎಡಗೈಯಿಂದ ಯಂತ್ರದ ಶುರುವಿನ ಗುಂಡಿ ಒತ್ತುತ್ತಿದ್ದರು. ದೀಪ ಹತ್ತಿಕೊಳ್ಳುತ್ತಿತ್ತು. ಒಳಗಿನ ಮೋಟಾರು ಗೊರಗೊರ ತಿರುಗಿ, ಮೇಲಿನ ನಾಲ್ಕು ಅಂಕಿಯ ಚಕ್ರಗಳು ಒಂದೊಂದಾಗಿ ಸೊನ್ನೆಗೆ ಬಂದು ನಿಲ್ಲುತ್ತಿದ್ದವು. ಅಲ್ಲಿಗೆ ಮೋಟಾರು ನಿಂತು, ಉಕ್ಕಿನ ಗುಂಡು ಆಟಕ್ಕೆ ಹೊರಬರಬೇಕು. ಮೋಟಾರು ನಿಲ್ಲುತ್ತಲೇ ಇರಲಿಲ್ಲ. ಟಕ ಟಕ ಗೊರ ಗೊರ ಎಂದು ತಿರುಗುತ್ತಲೇ ಇರುತ್ತಿತ್ತು, ಯಾರಾದರೂ ಬಂದು ಪ್ಲಗ್ಗು ಕೀಳುವ ತನಕ. ಮುದುಕರು ಅಳಿಯನ ಮುಖ ನೋಡುತ್ತಿದ್ದರು.

ಮದುವೆಯ ಕಾಲದಲ್ಲಿ ಇದೇ ಮಾವ, "ಹಗ್ಗಕ್ಕೆ ಗ್ರೀಸು ಹಚ್ಚುವವನಿಗೆ ನನ್ನ ಮಗಳನ್ನ ಕೊಡಲ್ಲ," ಎಂದು ಎರಡು ವರ್ಷ ಹಟ ಹಿಡಿದಿದ್ದರು. ಲಿಫ್ಟಣ್ಣ ಅದನ್ನು ಮರೆತಿರಲಿಲ್ಲ. ಆದರೂ ದಿನಾ ಬೆಳಗಾದರೆ ಆ ಮುಖ ನೋಡುವುದು ಅವನಿಂದಾಗಲಿಲ್ಲ. ಒಂದು ಸಂಜೆ ಊಟಕ್ಕೂ ಕೂರದೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಗಾಜು ಸರಿಸಿ, ಆಟದ ಹಲಗೆಯನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸಿದ.

ಒಳಗೆ ಬಗ್ಗಿ ನೋಡಿದ. ಬಟ್ಟೆ ಸುತ್ತಿದ ನೂರಾರು ತಂತಿಗಳು, ಕರೆಂಟನ್ನು ಬಿಟ್ಟು ಹಿಡಿಯುವ ರಿಲೇಗಳು, ತಾಮ್ರದ ತಂತಿ ಸುತ್ತಿದ ಕಾಯಿಲುಗಳು, ಒಂದಕ್ಕೊಂದು ತಾಗಿಯೂ ತಾಗದಂತೆ ನಿಂತ ಹಿತ್ತಾಳೆಯ ತೆಳು ಪಟ್ಟಿಗಳು. ಹಳೆಯ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯನ್ನು ಯಾರೋ ಮಕ್ಕಳಾಟಿಕೆಗೆ ಚಿಕ್ಕದು ಮಾಡಿಟ್ಟಂತೆ ಕಂಡಿತು. ದುಡಿದು ಬಂದವನ ಮುಂದೆ ಮತ್ತೆ ಅದೇ ದುಡಿಮೆ.

ಮೊದಲ ವಾರ ಮೋಟಾರನ್ನು ಅನುಮಾನಿಸಿದ. ಬಿಚ್ಚಿ, ಗಟ್ಟಿಯಾಗಿದ್ದ ಹಳೆಯ ಗ್ರೀಸು ಕೆರೆದು, ಎಣ್ಣೆ ಬಿಟ್ಟು ಜೋಡಿಸಿದ. ಸದ್ದು ಸ್ವಲ್ಪ ನಯವಾಯಿತು, ನಿಲ್ಲಲಿಲ್ಲ. ಎರಡನೇ ವಾರ ರಿಲೇಗಳ ಸರದಿ. ಕಪ್ಪಾಗಿದ್ದ ತುದಿಗಳನ್ನು ಲಿಫ್ಟಿನವುಗಳಿಗೆ ಮಾಡುವಂತೆ ಅರದಿಂದ ಉಜ್ಜತೊಡಗಿದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ, "ಅದಲ್ಲ, ಅದಲ್ಲ," ಎಂದು ಎಡಗೈಯಿಂದ ತೊಡೆ ಬಡಿದುಕೊಂಡರು.

"ಮತ್ತೆ ಯಾವ್ದು ಹೇಳಿ ಮಾವ," ಎಂದ ಇವನು, ಬೆವರು ಒರೆಸಿಕೊಂಡು.

ಮಾವ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಲಿಫ್ಟಣ್ಣ ಮೊಣಕಾಲು ಹಿಡಿದುಕೊಂಡು ಎದ್ದು, ನೀರು ತಂದು ಕೊಟ್ಟ. ಮುದುಕರು ಲೋಟವನ್ನು ದಿಟ್ಟಿಸಿ, "ಅದಲ್ಲ," ಎಂದರು, ಬೇಸತ್ತು ಕುಡಿದರು. ಹೀಗೆ ದಿನಾ ಸಂಜೆ ನಡೆಯಿತು. ಅವರು ಬೆರಳು ತೋರಿಸುವುದು, ಇವನು ನೀರು ತರುವುದು. ಬಾಯಾರಿಕೆ ಹೆಚ್ಚಾಗಿದೆ, ಡಾಕ್ಟರಿಗೆ ಹೇಳಬೇಕು ಎಂದೂ ಅಂದುಕೊಂಡ.

ಮೂರನೆಯ ಭಾನುವಾರ ಮಧ್ಯಾಹ್ನ ಸಹನೆಯ ಕಟ್ಟೆಯೊಡೆಯಿತು. ಅಂಕಿಯ ಚಕ್ರಗಳ ಪೆಟ್ಟಿಗೆ ಬಿಚ್ಚಿ ಕೂತಿದ್ದ. ನಾಲ್ಕೂ ಸೊನ್ನೆ ತೋರಿಸುತ್ತಿದ್ದವು, ಮೋಟಾರು ತಿರುಗುತ್ತಲೇ ಇತ್ತು. "ಅದಲ್ಲ," ಎಂದರು ಮಾವ, ಮತ್ತೆ ಅಡುಗೆಮನೆಯತ್ತ ಕೈ ಮಾಡಿ.

"ಇಪ್ಪತ್ತೆಂಟು ವರ್ಷದಿಂದ ನಾನೂ ಇದೇ ಕೆಲಸ ಮಾಡ್ತಿದ್ದೀನಿ. ಒಂದ್ಸಲಾನಾದ್ರೂ 'ಅದು' ಅನ್ನಿ ಮಾವ, ಸಾಕು," ಎಂದ ಲಿಫ್ಟಣ್ಣ. ದನಿ ಏರಲಿಲ್ಲ; ಏರಿಸುವ ಶಕ್ತಿಯೂ ಇರಲಿಲ್ಲ. ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಆಗ ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅಪ್ಪ ನೀರು ಕೇಳ್ತಿಲ್ಲ ರೀ," ಎಂದಳು. "ನನ್ನ ಕರೀತಿದ್ದಾರೆ. ಮೊದಲ್ನೇ ದಿನದಿಂದ ಗೊತ್ತು ನನಗೆ."

ಅವನು ಕಣ್ಣು ತೆರೆದ. ಅವಳು ಅವನ ಕಡೆ ನೋಡದೆ ಯಂತ್ರಕ್ಕೆ ಕಿವಿ ಕೊಟ್ಟು ಒಂದು ನಿಮಿಷ ನಿಂತಳು. ಆಮೇಲೆ ಪ್ಲಗ್ಗು ಕಿತ್ತಳು. ಕಾರ್ಖಾನೆಯಿಂದ ತಂದಿದ್ದ, ಅಂಗಿಯ ಕಾಲರಿನೊಳಗೆ ಇಡುವ ಗಟ್ಟಿ ಕಾಗದದ ಪಟ್ಟಿಯೊಂದನ್ನು ಹುಡುಕಿ ತೆಗೆದಳು. ನಾಲ್ಕನೆಯ ಚಕ್ರದ ಹಿಂದೆ, ಅವನು ಕಂಡೂ ದಾಟಿಹೋಗಿದ್ದ ಒಂದು ಜೋಡಿ ಹಿತ್ತಾಳೆ ಪಟ್ಟಿಗಳ ನಡುವೆ ಅದನ್ನು ತೂರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಎಳೆದಳು. ಕಾಗದದ ಮೇಲೆ ಕಪ್ಪು ಗೆರೆ ಬಂತು. ಬೇರೆ ಕಾಗದ, ಮತ್ತೆ ಗೆರೆ. ಮೂರನೆಯದು ಬಿಳಿಯಾಗಿಯೇ ಬಂತು.

"ಚಕ್ರ ಸೊನ್ನೆಗೆ ಬಂದಿದೆ. ಬಂದೆ ಅಂತ ಮೋಟಾರಿಗೆ ಹೇಳೋದು ಇದು. ಕೊಳೆ ಹಿಡಿದು ಹೇಳ್ತಿರಲಿಲ್ಲ," ಎಂದಳು. "ಇವಕ್ಕೆ ಅರ ಹಾಕ್ಬಾರ್ದು. ಮೇಲಿನ ಲೇಪ ಕಿತ್ತು ಹೋಗುತ್ತೆ."

ಪ್ಲಗ್ಗು ಹಾಕಿ ಗುಂಡಿ ಒತ್ತಿದಳು. ಚಕ್ರಗಳು ತಿರುಗಿ ನಿಂತವು. ಮೋಟಾರು ನಿಂತಿತು. ಮನೆಯಲ್ಲಿ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ, ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುವುದು ಕೇಳಿಸಿತು. ಠಣ್ ಎಂದು ಗುಂಡು ಹೊರಬಂತು.

ಅವಳು ಆಡಿದಳು. ಎರಡೂ ಬದಿಯ ಗುಂಡಿಗಳ ಮೇಲೆ ಬೆರಳಿಟ್ಟು, ಸೊಂಟವನ್ನು ಒಂದು ಚೂರು ಓರೆ ಮಾಡಿ ನಿಂತಳು. ಕೆಳಗೆ ಜಾರಿ ಬಂದ ಗುಂಡನ್ನು ಎಡದ ರೆಕ್ಕೆಯ ಮೇಲೆ ತೊಟ್ಟಿಲಿನಲ್ಲಿಟ್ಟಂತೆ ನಿಲ್ಲಿಸಿ, ಬೇಕಾದ ಕಡೆಗೆ ಹೊಡೆದಳು. ಗಂಟೆಗಳು ಬಡಿದವು, ಅಂಕಿಗಳು ಓಡಿದವು. ಅದೇ ಒಂದು ಗುಂಡು ಹತ್ತು ನಿಮಿಷವಾದರೂ ಕೆಳಗೆ ಬೀಳಲಿಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಗಸನ್ನು ಲಿಫ್ಟಣ್ಣ ನೆಲದ ಮೇಲೆ ಕೂತು ಬಾಯಿ ತೆರೆದು ನೋಡಿದ. ಮಾವನ ಅರ್ಧ ಮುಖ ನಗುತ್ತಿತ್ತು.

"ಇದನ್ನ ಯಾವತ್ತೂ ಹೇಳ್ಲೇ ಇಲ್ವಲ್ಲ ನೀನು," ಎಂದ.

"ಹೇಳೋಕೇನಿದೆ. ಸ್ಕೂಲು ಬಿಟ್ಟ ಕೂಡ್ಲೇ ಅಂಗಡಿಗೆ ಬಾ ಅಂತಿದ್ರು. ಇವರು ರಿಪೇರಿ ಮಾಡಿದ ಒಂದೊಂದು ಯಂತ್ರಕ್ಕೂ ನಾನು ನೂರು ಗುಂಡು ಆಡಿ ನೋಡ್ಬೇಕು. ಗೆಳತಿಯರು ಹೊರಗೆ ನಿಂತು ಎಷ್ಟು ಪುಣ್ಯ ಮಾಡಿದ್ದೀಯೇ ಅಂತಿದ್ರು. ಕಾಲು ನೋಯ್ತಿತ್ತು ನನಗೆ. ಒಂದಿನ ಒಲ್ಲೆ ಅಂದಿದ್ದಕ್ಕೆ ಪರೀಕ್ಷೆ ಫೀಸು ಕಟ್ಟಲಿಲ್ಲ. ಆ ವರ್ಷ ಹೋಯ್ತು." ಗುಂಡು ಅವಳ ಕಣ್ಣು ತಪ್ಪಿಸಿ ಕೆಳಗೆ ಬಿತ್ತು. "ಇನ್ನು ಮುಟ್ಟಲ್ಲ ಅಂದ್ಕೊಂಡಿದ್ದೆ. ನೀವು ನೆಲ ಹಿಡಿದು ಕೂತಿದ್ದು ನೋಡೋಕಾಗ್ಲಿಲ್ಲ."

ಮಾವ ನಗುವುದನ್ನು ನಿಲ್ಲಿಸಿದ್ದರು. ಎಡಗೈ ಎತ್ತಿ ಏನೋ ಹೇಳಲು ಹೋದರು. "ಅದಲ್ಲ," ಎಂದರು. ಮತ್ತೆ ಪ್ರಯತ್ನಿಸಿದರು; ಮತ್ತೆ ಅದೇ ಪದ ಬಂತು. ಅವರ ಕಣ್ಣು ತುಂಬಿತು. ಮಗಳು ಸೆರಗಿನಿಂದ ಅವರ ಗಲ್ಲ ಒರೆಸಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಎಡಗಡೆ ರೆಕ್ಕೆ ಸೋತಿದೆ," ಎಂದಳು ಗಂಡನಿಗೆ. "ಕಾಯಿಲಿನ ಒಳಗಿನ ಕೊಳವೆ ಸವೆದಿರ್ಬೇಕು."

ಹಳೆಯ ಯಂತ್ರವೆಂದರೆ ಮುದಿ ಮೈ ಇದ್ದ ಹಾಗೆ, ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ನೋವು. ಕೊಳವೆ ಬದಲಾಯಿಸಿದ ವಾರಕ್ಕೆ ಒಂದು ಗಂಟೆ ಮೂಕಾಯಿತು. ಆಮೇಲೆ ಫ್ಯೂಸು ಹೋಯಿತು. ಮಾವ ಈಗ ಬೆಳಿಗ್ಗೆ ಗುಂಡಿ ಒತ್ತಿ, ಮೋಟಾರು ನಿಂತದ್ದು ಕೇಳಿಸಿಕೊಂಡು, ಆಡದೆಯೇ ಹೋಗಿ ಮಲಗುತ್ತಾರೆ. ಆಡುವ ಆಸೆ ಅವರಿಗೆ ಎಂದೂ ಇರಲಿಲ್ಲ ಎನ್ನುತ್ತಾಳೆ ಮಗಳು. ಹೆಂಡತಿಯೂ ಮತ್ತೆ ಆಡಲಿಲ್ಲ. ಆದರೆ ಕೆಟ್ಟಾಗ ಬಂದು ನಿಲ್ಲುತ್ತಾಳೆ.

ಮೊನ್ನೆ ಸಂಜೆ ಏಳನೆಯ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಲಿಫ್ಟು ರಿಪೇರಿ ಮಾಡಿ ಬಂದ ಲಿಫ್ಟಣ್ಣ, ಬೂಟನ್ನೂ ಬಿಚ್ಚದೆ ಹಲಗೆಯನ್ನು ಎತ್ತಿ ನಿಲ್ಲಿಸಿದ. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು.

"ಇಲ್ಲಿ ಕೊಡಿ," ಎಂದಳು ಹೆಂಡತಿ, ಕೈ ಚಾಚಿ. "ಹೋಗಿ ಮಲಗಿ ಸ್ವಲ್ಪ."

"ನೀನೂ ಈಗ ತಾನೇ ಬಂದಿದ್ದೀಯ."

"ನಾನು ಕೂತು ಮಾಡೋ ಕೆಲಸ ಮಾಡಿ ಬಂದಿದ್ದೀನಿ. ಕೊಡಿ."

ಅವನು ಸ್ಕ್ರೂಡ್ರೈವರ್ ಕೊಟ್ಟ. ಬೂಟು ಬಿಚ್ಚುವಷ್ಟೂ ತ್ರಾಣವಿಲ್ಲದೆ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಒರಗಿದ. ಹೊರಗಿನ ಕೋಣೆಯಿಂದ ಸ್ಕ್ರೂ ಬಿಚ್ಚುವ ಸದ್ದು, ಮಧ್ಯೆ ಮಧ್ಯೆ ಮಾವನ "ಅದಲ್ಲ", ಅದಕ್ಕೆ ಅವಳ "ಗೊತ್ತು, ಸುಮ್ನಿರಿ ಅಪ್ಪ" ಕೇಳಿಸುತ್ತಿದ್ದವು. ಎದ್ದು ಹೋಗಿ ದೀಪವಾದರೂ ಹಿಡಿಯಬೇಕು ಎಂದುಕೊಂಡ. ಅಷ್ಟರಲ್ಲಿ ನಿದ್ದೆ ಹತ್ತಿತು.